ಮರಳಿನ ಗುಡ್ಡೆಯ ಹತ್ತಿರ ಎಡಕ್ಕೆ

ರಾಣೆಬೆನ್ನೂರಿನ ಹಳೇ ಪೇಟೆಯಲ್ಲಿ ಐವತ್ತು ವರ್ಷ ಬಾಳಿದ ನನ್ನ ಸೋದರತ್ತೆ ಕಳೆದ ವರ್ಷ ಬ್ಯಾಡಗಿಯ ನಮ್ಮ ಮನೆಗೆ ಇರಲು ಬಂದಳು. ಅವಳ ಕಣ್ಣು ಮಂಜಾಗಿತ್ತು. ಮನುಷ್ಯರು ಕಾಣುತ್ತಿದ್ದರು, ಮುಖ ಕಾಣುತ್ತಿರಲಿಲ್ಲ. ಆದರೂ ಸಂಜೆ ಹನುಮಪ್ಪನ ಗುಡಿಗೆ ಒಬ್ಬಳೇ ಹೋಗಿಬರಬೇಕೆಂಬ ಹಟ. "ಕೈ ಹಿಡದು ಕರಕೊಂಡು ಹೋಗಾಕ ನಾ ಏನು ಮದುಮಗಳೇನು?" ಎನ್ನುತ್ತಿದ್ದಳು.

ನಾವಿರುವುದು ಹೊಸ ಬಡಾವಣೆ. ಗೆರೆ ಎಳೆದಂಥ ರಸ್ತೆಗಳು, ಒಂದೇ ಅಳತೆಯ ಸೈಟುಗಳು, ಒಂದೇ ಬಗೆಯ ಗೇಟುಗಳು. ಇಲ್ಲಿ ಯಾರೂ ದಾರಿ ತಪ್ಪುವುದಿಲ್ಲ ಎಂದು ಸೈಟು ಕೊಳ್ಳುವಾಗ ಹೆಂಡತಿಗೆ ಹೇಳಿದ್ದು ನೆನಪಿದೆ. ನಾನು ಹಾಗೆ ಹೇಳಲೇ ಇಲ್ಲ ಎನ್ನುತ್ತಾಳೆ ಅವಳು. ಅವಳ ಮಾತೇ ನಿಜವಾದರೆ ನನಗೆ ಒಳ್ಳೆಯದು.

ಗುಡಿಯಿಂದ ಬರುವಾಗ ಮರಳಿನ ಗುಡ್ಡೆಯ ಹತ್ತಿರ ಎಡಕ್ಕೆ, ಅಲ್ಲಿಂದ ಮೂರನೇ ಗೇಟು. ಈ ಗುರುತು ಅತ್ತೆಯೇ ಹುಡುಕಿಕೊಂಡದ್ದೆಂದು ತಿಂಗಳುಗಟ್ಟಲೆ ನಂಬಿದ್ದೆ. ಮೊನ್ನೆ ದಿನಚರಿ ತೆರೆದರೆ, 'ಅತ್ತೆಗೆ ಒಳ್ಳೇ ಗುರುತು ಹೇಳಿಕೊಟ್ಟೆ' ಎಂದು ನನ್ನದೇ ಅಕ್ಷರದಲ್ಲಿತ್ತು. ಮರಳನ್ನು ತರಿಸುವುದು ಮನೆ ಕಟ್ಟಲು ಎಂಬುದು ಎಂ.ಎ. ಓದಿದವನಿಗೆ ಹೊಳೆದಿರಲಿಲ್ಲ.

ಗುರುತು ಹೇಳಿಕೊಟ್ಟ ವಾರವೇ ಅಲ್ಲಿನ ಮನೆಯ ಪ್ಲಾಸ್ಟರ್ ಮುಗಿದು ಮರಳು ಖಾಲಿಯಾಯಿತು. ಮುಂದಿನ ತಿರುವಿನಲ್ಲಿ ಬೇರೆ ಯಾರೋ ಒಂದು ಲೋಡು ಸುರಿಸಿದರು. ಅತ್ತೆ, ನಾನು ಹೇಳಿಕೊಟ್ಟಂತೆಯೇ ಗುಡ್ಡೆಯ ಹತ್ತಿರ ಎಡಕ್ಕೆ ತಿರುಗಿ, ಮೂರನೇ ಗೇಟು ತೆಗೆದು, ಒಳಗಿನ ಕುರ್ಚಿಯಲ್ಲಿ ಕುಳಿತು, "ಚಾ ಇಡವಾ, ಕಾಲು ಸೋತಾವ" ಎಂದಿದ್ದಾಳೆ.

ನಮ್ಮ ಕಡೆ ಮನೆಗೆ ಬಂದವರಿಗೆ ನೀರು, ಚಹಾ ಕೊಡುವ ಮೊದಲು 'ಯಾರು ನೀವು' ಎಂದು ಕೇಳುವ ರೂಢಿಯಿಲ್ಲ. ಆ ಮನೆಯಾಕೆ, ಇವಳು ಗಂಡನ ಗುತ್ತಲದ ದೊಡ್ಡಮ್ಮ ಇರಬೇಕೆಂದು ಸೆರಗು ಹೊದ್ದು ಕಾಲಿಗೆ ಬಿದ್ದಳಂತೆ. ಹೊರಗಿನಿಂದ ಬಂದ ಗಂಡ, ಹೆಂಡತಿಯ ಮೋಟೆಬೆನ್ನೂರಿನ ತವರಿನವರು ಎಂದುಕೊಂಡು, "ಯಾವಾಗ ಬಂದ್ರಿ? ಮನ್ಯಾಗ ಎಲ್ಲಾರೂ ಆರಾಮ ಅದಾರ್ರಿ?" ಎಂದು ಕೇಳಿದನಂತೆ.

"ನಿನಗಾದರೂ ಅನುಮಾನ ಬರಲಿಲ್ಲೇನತ್ತಿ?" ಎಂದೆ.

"ಬಂತು. ನಿನ್ನ ಹೇಣ್ತಿ ಎಂದಾದ್ರೂ ನನ್ನ ಕಾಲಿಗೆ ಬಿದ್ದಾಳೇನು? ಆದ್ರ ಚಾ ಒಲಿ ಮ್ಯಾಲಿತ್ತು. ಹೆಂಗ ಏಳೂದು?"

ಚಹಾ ಆದ ಮೇಲೆ ಯಾರ ಮನೆಯವರೆಂದು ಕೇಳಿ ತಿಳಿದು, ಅವರೇ ಅವಳನ್ನು ಮನೆಗೆ ಮುಟ್ಟಿಸಿದ್ದರು. ನನ್ನ ಹೆಂಡತಿ ನಗಲಿಲ್ಲ. "ರೋಡಿನಾಗ ಟಿಪ್ಪರ್ ಓಡಾಡ್ತಾವ್ರಿ ಅತ್ತಿ. ನಾಳಿಂದ ಒಬ್ಬರೇ ಹೋಗೂದು ಬಂದ್" ಎಂದಳು. ನಾನು ಜೊತೆಗೆ ಬರುತ್ತೇನೆಂದರೂ ಅತ್ತೆ ಮೂರು ದಿನ ಗುಡಿಯ ಕಡೆ ತಲೆ ಹಾಕಲಿಲ್ಲ.

ಕಣ್ಣಿದ್ದ ನಾನೇ ದಾರಿ ತಪ್ಪುವ ಆ ರಾಣೆಬೆನ್ನೂರಿನ ಓಣಿಗಳಲ್ಲಿ ನೀನು ಹೇಗೆ ಓಡಾಡುತ್ತಿದ್ದೆ ಎಂದು ಅವಳನ್ನು ಕೇಳಿದೆ.

"ಅಲ್ಲಿ ಕಟ್ಟಿ ಮ್ಯಾಲೆ ಮಂದಿ ಕುಂತಿರ್ತಿದ್ರು. ಎತ್ತಾಗ ಹೊಂಟೀಯವಾ ಅಂತಿದ್ರು. ದನಿ ಕೇಳಿದ್ರ ಯಾರ ಮನಿ ಅಂತ ತಿಳೀತಿತ್ತು. ಇಲ್ಲಿ ನಿಮ್ಮ ಗೇಟು ಮಾತಾಡ್ತಾವೇನು?"

ನಾಲ್ಕನೇ ದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೊರಟವಳು ಗಟಾರದ ಮೇಲಿನ ಹಾಸುಗಲ್ಲುಗಳನ್ನೆಲ್ಲ ಬಡಿಗೆಯಿಂದ ಬಡಿಯುತ್ತ ಬಂದಳು. ನಮ್ಮ ತಿರುವಿನಲ್ಲೊಂದು ಕಲ್ಲು ಸಡಿಲವಾಗಿತ್ತು. ಬಡಿದರೆ ಗಡಕ್ ಎನ್ನುತ್ತಿತ್ತು. ಅದನ್ನು ಭದ್ರ ಮಾಡಿಸಿರೆಂದು ನಾನೇ ವಾರ್ಡಿನ ಸದಸ್ಯರಿಗೆ ಎರಡು ಸಲ ದೂರು ಹೇಳಿದ್ದೆ.

"ಲಗೂನ ಹೋಗಿ ಬ್ಯಾಡಂತ ಹೇಳಿ ಬಾ" ಎಂದಳು ಅತ್ತೆ.

ಹೆಂಡತಿ ಒಂದು ಷರತ್ತು ಹಾಕಿದಳು: ಇವತ್ತು ನಾನು ದೂರದಿಂದ ಹಿಂಬಾಲಿಸಬೇಕು, ದಾರಿ ತಪ್ಪಿದರೆ ಮತ್ತೆ ಒಬ್ಬಳೇ ಹೋಗುವ ಮಾತೇ ಇಲ್ಲ. ಸಂಜೆ ಗುಡಿಯಿಂದ ಬರುತ್ತ ಅತ್ತೆ ತಿರುವಿಗೆ ಸ್ವಲ್ಪ ಮೊದಲೇ ನಿಂತುಬಿಟ್ಟಳು. ಕೆಮ್ಮಿ ಸುಳಿವು ಕೊಡಲೇ ಎಂದು ನಾನು ಯೋಚಿಸುತ್ತಿದ್ದೆ.

"ಹಿಂದಿಂದ ಬರಬ್ಯಾಡೋ," ಎಂದಳು, ತಿರುಗದೆಯೇ. "ನಿನ್ನ ಚಪ್ಪಲಿ ಸಪ್ಪಳದಾಗ ನನಗ ಕಲ್ಲು ಕೇಳಿಸವಲ್ದು."

ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡುರಸ್ತೆಯಲ್ಲಿ ನಿಂತೆ. ಅವಳು ಹತ್ತು ಹೆಜ್ಜೆ ನಡೆದಳು. ಕಲ್ಲು ಗಡಕ್ ಎಂದಿತು. ಅವಳು ಎಡಕ್ಕೆ ತಿರುಗಿದಳು.