ಎಲೆಯ ತಲೆಕಟ್ಟು

ನಾನು ಮಾಡಿದ ಅಕ್ಷರಗಳಿಗೆ ತಲೆಕಟ್ಟಿನ ಜಾಗದಲ್ಲಿ ಮಾವಿನೆಲೆ ಇದೆ. ತುದಿ ಚೂರು ಬಾಗಿದ, ಆಗಷ್ಟೇ ಬಾಗಿಲಿಗೆ ಕಟ್ಟಿದ ತೋರಣದ ಎಲೆ. ಬಿದಿರುಕಡ್ಡಿಯನ್ನು ಓರೆಯಾಗಿ ಕತ್ತರಿಸಿ, ಮಸಿಯಲ್ಲಿ ಅದ್ದಿ, ಒಂದೊಂದೇ ಅಕ್ಷರ ಬರೆದು, ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಅಂಚು ತಿದ್ದಿ ಫಾಂಟ್ ಮಾಡಿದೆ. ಒತ್ತಕ್ಷರಗಳಂತೂ ಜೀವ ತಿಂದವು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಎಲೆಗೆ ತಾಗಿ ಎರಡೂ ಕೆಡುತ್ತಿದ್ದವು. ‘ಶ್ರೀ’ ಒಂದನ್ನೇ ಎಷ್ಟು ಸಲ ಬರೆದು ಹರಿದೆನೋ ದೇವರೇ ಬಲ್ಲ.

ಕೊನೆಗೆ ಎಲ್ಲ ಕೂಡಿಬಂತು. ಶಿರಸಿಯ ನನ್ನ ಪುಟ್ಟ ಅಂಗಡಿಯಿಂದ ಹೊರಟ ಮದುವೆ ಕಾರ್ಡುಗಳು ಸಿದ್ದಾಪುರ, ಯಲ್ಲಾಪುರದ ಮನೆಗಳಿಗೂ ಹೋದವು. ‘ನಿನ್ನ ಅಕ್ಷರ ನೋಡಿರೇ ಊಟಕ್ಕೆ ಹೋಗ್ಲೇಬೇಕು ಅನ್ಸ್ತು ಮಾರಾಯ್ತಿ’ ಎಂದು ಚಿಕ್ಕಮ್ಮ ಹೇಳಿದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಅಕ್ಷರ ಎಲ್ಲಿರಬೇಕು, ಎಲ್ಲಿರಬಾರದು ಎಂದು ಹೇಳುವ ಹಕ್ಕೂ ನನ್ನದೇ ಅಂದುಕೊಂಡುಬಿಟ್ಟೆ.

ಹೋದ ಬೇಸಿಗೆಯಲ್ಲಿ ದಾಸನಕೊಪ್ಪದ ಕಡೆಯ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಅಂಗಡಿಗೆ ಬಂದರು. ಹಿಂದಿನ ವರ್ಷ ಆ ಮಗಳ ಮದುವೆ ಕಾರ್ಡು ಮಾಡಿದ್ದು ನಾನೇ. ಈ ಸಲ ಆ ಹೆಂಗಸಿನ ಗಂಡ ತೀರಿಕೊಂಡಿದ್ದರು. ಅವರದು ಲಿಂಗಾಯತರ ಮನೆ, ತೀರಿಕೊಂಡವರ ಹೆಸರಿನಲ್ಲಿ ಮಾಡುವ ಶಿವಗಣಾರಾಧನೆಗೆ ಕಾರ್ಡು ಬೇಕಿತ್ತು.

‘ಉಳದದ್ದೆಲ್ಲಾ ನೀವು ಹೆಂಗ ಮಾಡಿದ್ರೂ ನಡೀತೈತ್ರಿ ಅಕ್ಕಾರ’ ಎಂದರು ಆಕೆ. ‘ಅವರ ಹೆಸರೊಂದು ಮಾತ್ರ ಆ ಎಲಿ ಅಕ್ಷರದಾಗ ಹಾಕಿಕೊಡ್ರಿ.’

ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಅಂಗಡಿಯಲ್ಲಿ ಇನ್ನೂ ಗಿರಾಕಿಗಳಿದ್ದಾರೆ ಎನ್ನುವುದನ್ನೂ ನೋಡಲಿಲ್ಲ.

‘ಅಯ್ಯೋ, ಎಂತ ಮಾತು ಅಮ್ಮಾ ಇದು! ಅದು ಮದುವೆ ಅಕ್ಷರ. ಸಾವಿನ ಮನೆಗೆ ಯಾರಾದ್ರೂ ತೋರಣ ಕಟ್ತಾರಾ? ನೋಡಿದ ಜನ ಎಂತ ಹೇಳ್ತಾರೆ?’

ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಯಾರೋ ಕಿಸಕ್ಕೆಂದರು. ‘ಹಂಗಲ್ರಿ, ನಮ್ಮಪ್ಪ...’ ಎಂದು ಮಗಳು ಬಾಯಿ ತೆರೆದಳು. ತಾಯಿ ಅವಳ ಕೈ ಹಿಡಿದು ತಡೆದು, ಸೆರಗನ್ನು ಮುಂದಕ್ಕೆಳೆದುಕೊಂಡರು.

‘ಸುಮ್ನಿರವಾ. ಅಕ್ಕಾರು ಹೇಳೂದು ಖರೆ ಐತಿ. ಸಾದಾ ಅಕ್ಷರದಾಗ ಹಾಕ್ರಿ.’

ಹಾಕಿದೆ. ಒಂದು ಅವಾಂತರ ತಪ್ಪಿಸಿದೆ ಎಂಬ ಸಮಾಧಾನ ಬೇರೆ. ಚಿಕ್ಕಮ್ಮನಿಗೂ ಹೇಳಿಕೊಂಡು ನಕ್ಕೆ. ಅದನ್ನು ನೆನೆದರೆ ಈಗಲೂ ಮೈಯೆಲ್ಲ ಹಿಡಿಯಾಗುತ್ತದೆ.

ಕಾರ್ಡು ಒಯ್ಯಲು ಬಂದ ಮಗಳು ‘ತಪ್ಪದ ಬರ್ರಿ’ ಎಂದು ನನಗೂ ಒಂದು ಕೊಟ್ಟಿದ್ದಳು. ಆರಾಧನೆಯ ದಿನ ಸ್ಕೂಟರಿನಲ್ಲಿ ಹೋದೆ. ಒಳಗೆ ಭಜನೆ ನಡೆದಿತ್ತು. ಗಾಡಿ ನಿಲ್ಲಿಸಿ ತಲೆ ಎತ್ತಿದೆ. ಬಾಗಿಲಿಗೆ ಮಾವಿನ ತೋರಣ!

ಮಗಳು ನನ್ನನ್ನು ಕೂರಿಸಿ ಮೊಬೈಲಿನಲ್ಲಿ ಫೋಟೋ ತೋರಿಸಿದಳು. ಬಾಳೆಕಂಬ, ಚೆಂಡುಹೂ, ಮಾವಿನೆಲೆಯಿಂದ ಸಿಂಗರಿಸಿದ, ತೀರಿಕೊಂಡವರನ್ನು ಕೂರಿಸಿ ಒಯ್ಯುವ ವಿಮಾನ. ಅದರೊಳಗೆ ಅವಳಪ್ಪ ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ನೆಟ್ಟಗೆ ಕುಳಿತಿದ್ದಾರೆ. ‘ಹಿಂಗ ಕುಂದ್ರಿಸಿ, ವಾದ್ಯ ಹಚ್ಚಿ ಕಳಸಿದ್ವಿ ನೋಡ್ರಿ. ಶಿವನ ಮನಿಗೆ ಹೋಗೂದಲ್ರೀ, ಸುಮ್ನ ಹಂಗ ಕಳಸಾಕ ಬರ್ತೈತೇನು?’

ಇವರೂ ನಾವೂ ಒಂದೇ ಪೇಟೆಗೆ ಬರುವವರು, ಒಂದೇ ಬಸ್ಸಿನಲ್ಲಿ ಓಡಾಡುವವರು. ನಮ್ಮ ಮನೆಯ ಶಾಸ್ತ್ರವನ್ನೇ ಊರಿನ ಶಾಸ್ತ್ರ ಎಂದುಕೊಂಡು ಅವರಿಗೆ ಬುದ್ಧಿ ಹೇಳಿದ್ದೆನಲ್ಲ, ನಾಚಿಕೆಯಿಂದ ಕಿವಿ ಬಿಸಿಯಾಯಿತು. ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಮಗಳು ಅಂಗಡಿಯಲ್ಲಿ ಅರ್ಧಕ್ಕೆ ನಿಂತ ಮಾತನ್ನು ಈಗ ಮುಗಿಸಿದಳು. ಮದುವೆ ಮುಗಿದು ತಿಂಗಳುಗಟ್ಟಲೆ ಅವಳಪ್ಪ ಆ ಕಾರ್ಡನ್ನು ಅಂಗಿಯ ಕಿಸೆಯಲ್ಲೇ ಇಟ್ಟುಕೊಂಡು ತಿರುಗಿದ್ದರಂತೆ. ಚಹಾದಂಗಡಿಯಲ್ಲಿ ಕೂತವರಿಗೆಲ್ಲ ತೆಗೆದು ತೋರಿಸುವುದು: ‘ನೋಡ್ರಪಾ, ನನ್ನ ಹೆಸರು ತೋರಣ ಕಟ್ಕೊಂಡು ನಿಂತೈತಿ.’ ಹೆಂಡತಿಗೆ ಬೇಕಾಗಿದ್ದದ್ದು ಇಷ್ಟೇ. ಕೊನೆಯ ಕಾರ್ಡಿನಲ್ಲೂ ಆ ಹೆಸರು ಹಾಗೇ ನಿಲ್ಲಬೇಕಿತ್ತು.

ಆಕೆ ಬಂದು ಪಕ್ಕದಲ್ಲಿ ಕುಳಿತರು. ‘ತಪ್ಪಾಯ್ತು ಅಮ್ಮಾ, ನಂಗೆ ಗೊತ್ತಿರಲಿಲ್ಲ’ ಎಂದೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ತಲೆ ತಗ್ಗಿಸಿದರು.

‘ನಿಮ್ಮದೇನ್ ತಪ್ಪೈತ್ರಿ. ನೀವು ಅಂದದ್ದು ಕೇಳಿ ನನಗ ನಾಚಿಕಿ ಬಂತು. ಗಂಡ ಹೋದಾಗ ಇದೆಂಥಾ ಆಸೆ ನಂದು ಅಂತ. ಇವತ್ತ ತೋರಣಾನೂ ಬ್ಯಾಡ ಅಂದಿದ್ದೆ, ಇವಳು ಕೇಳಲಿಲ್ಲ.’

ನನಗೆ ಕಣ್ಣು ತುಂಬಿ ಬಂತು. ಕಾರ್ಡುಗಳು ಆಗಲೇ ಮನೆಮನೆಗೆ ಹೋಗಿ ಆಗಿತ್ತು, ಅದಕ್ಕೆ ಏನೂ ಮಾಡುವಂತಿರಲಿಲ್ಲ. ಆದರೆ ಹೊಲದಲ್ಲಿ ಗಂಡನನ್ನು ಮಣ್ಣು ಮಾಡಿದಲ್ಲಿ ಗದ್ದುಗೆ ಕಟ್ಟಿಸುವವರಿದ್ದರು, ಅದರ ಮೇಲೆ ಹೆಸರಿನ ಕಲ್ಲು ಬರಲಿತ್ತು.

‘ಆ ಕಲ್ಲಿಗೆ ಹೆಸರು ನಾನೇ ಕೈಯಾರೆ ಬರೆದುಕೊಡ್ತೇನೆ ಅಮ್ಮಾ’ ಎಂದೆ. ‘ಎಲೆ ಅಕ್ಷರದಲ್ಲೇ.’

ಒಂದು ಕ್ಷಣ ಆಕೆಯ ಮುಖ ಅರಳಿತು, ನಾನು ನೋಡಿದೆ. ಆಮೇಲೆ ಅವರು ಅಂಗಳದಲ್ಲಿದ್ದ ಜನರತ್ತ ಒಮ್ಮೆ ನೋಡಿ ಸೆರಗನ್ನು ಮುಂದಕ್ಕೆಳೆದುಕೊಂಡರು.

‘ಬ್ಯಾಡ್ರಿ ಅಕ್ಕಾರ’ ಎಂದರು. ‘ನೋಡಿದ ಮಂದಿ ಏನಂದಾರು?’