ವಿಮಾನ ತೂಗುವ ಸಿನಾನ್ ಮನೊಯೊ

ಬೆಳಗಿನ ಐದೂ ಮುಕ್ಕಾಲು. ಸಮುದ್ರದಿಂದ ನುಗ್ಗುವ ಗಾಳಿಗೆ ನಿಲ್ದಾಣದ ತಗಡಿನ ಬಾಗಿಲು ಹಲ್ಲು ಕಡಿಯುತ್ತಿದೆ. ಒಳಗೆ ಸಿನಾನ್ ಮನೊಯೊ ಒಂದು ದುಂಡು ಕಲ್ಲನ್ನು ಎದೆಗವಚಿಕೊಂಡು ಬಂದು ತೂಕದ ಯಂತ್ರದ ಮೇಲೆ ಮೆಲ್ಲಗೆ ಇಳಿಸುತ್ತಾರೆ, ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವ ಹಾಗೆ. ಇಪ್ಪತ್ತು ಕಿಲೋ, ಸೊನ್ನೆ ಗ್ರಾಂ. ಹತ್ತೊಂಬತ್ತು ವರ್ಷಗಳಿಂದ ಈ ಕಲ್ಲು ಒಂದು ಗ್ರಾಂ ಕೂಡ ದಪ್ಪಗಾಗಿಲ್ಲ. ದ್ವೀಪದಲ್ಲಿ ಹಾಗೆ ಹೇಳಿಕೊಳ್ಳಬಲ್ಲವರು ಇನ್ಯಾರೂ ಇಲ್ಲ.

"ಯಂತ್ರ ಸುಳ್ಳು ಹೇಳಿದ್ರೆ ಪೈಲಟ್ ಸುಳ್ಳನ್ನ ನಂಬ್ಕೊಂಡು ಹಾರ್ತಾನೆ. ಅದಕ್ಕೆ ಮೊದ್ಲು ಇದರ ಬಾಯಿ ಬಿಡಿಸ್ತೀನಿ," ಎನ್ನುತ್ತಾರೆ.

ಇಲ್ಲಿಗೆ ಬರುವುದು ಹತ್ತೊಂಬತ್ತು ಸೀಟಿನ ಪುಟ್ಟ ವಿಮಾನ. ಓಡುದಾರಿ ಗಿಡ್ಡ, ಅದರ ಎರಡೂ ತುದಿಗೆ ಸಮುದ್ರ. ಹಾಗಾಗಿ ಪ್ರತಿಯೊಬ್ಬ ಪ್ರಯಾಣಿಕನೂ ಚೀಲದ ಸಮೇತ ಸಿನಾನರ ಯಂತ್ರ ಹತ್ತಿಯೇ ವಿಮಾನ ಹತ್ತಬೇಕು. ಅವರು ಒಟ್ಟು ಕೂಡಿಸಿ, ಯಾರು ಮುಂದೆ ಯಾರು ಹಿಂದೆ ಎಂದು ಬರೆದು ಪೈಲಟ್ ಕೈಗೆ ಚೀಟಿ ಕೊಡುತ್ತಾರೆ. ಅಂಕಿ ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಯಂತ್ರದ ಮುಖವನ್ನೇ ತಮ್ಮ ಕಡೆ ತಿರುಗಿಸಿಕೊಂಡಿದ್ದಾರೆ. "ಊರವರೆಲ್ಲರ ಗುಟ್ಟು ನನ್ನ ಹತ್ರ ಇದೆ, ಕಿಲೋಗಟ್ಲೆ."

ಇಂದು ಸರದಿಯಲ್ಲಿ ಹದಿನೈದು ಮಂದಿ. ಕೊನೆಯಲ್ಲಿ ನಿಂತಿರುವ ದಪ್ಪ ಕನ್ನಡಕದ ಹುಡುಗಿ ಮನೊಯೊ, ಅವರ ಮಗಳು. ಮಧ್ಯಾಹ್ನ ಎರಡಕ್ಕೆ ತೈಪೆಯಲ್ಲಿ ಅವಳ ಕಣ್ಣು, ಕಿವಿ, ಹೃದಯದ ಪರೀಕ್ಷೆ. ಬರವಣಿಗೆಯ ಪರೀಕ್ಷೆ ಮುಗಿಸಿದ್ದಾಳೆ. ಇದೊಂದು ದಾಟಿದರೆ ಪೈಲಟ್ ತರಬೇತಿಗೆ ಸೀಟು. ತಪ್ಪಿದರೆ ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತದೆ. ಅಲೆ ಎದ್ದಿರುವುದರಿಂದ ಮೂರು ದಿನಗಳಿಂದ ಹಡಗಿಲ್ಲ. ಇಂದು ಬರುವುದು ಇದೊಂದೇ ವಿಮಾನ.

ಇಲ್ಲಿನ ತಾವ್ ಜನರಲ್ಲಿ ಮೊದಲ ಮಗು ಹುಟ್ಟಿದ ದಿನ ಮನೆಮಂದಿಗೆಲ್ಲ ಹೊಸ ನಾಮಕರಣ. ಸಿನಾನ್ ಮನೊಯೊ ಎಂದರೆ ಮನೊಯೊಳ ಅಮ್ಮ. ಅಪ್ಪ ಸ್ಯಾಮನ್ ಮನೊಯೊ, ಅಜ್ಜಿ ಸ್ಯಾಪೆನ್ ಮನೊಯೊ. ಅವರನ್ನು ಹಳೆಯ ಹೆಸರುಗಳಿಂದ ಕರೆಯುವವರು ಯಾರೂ ಉಳಿದಿಲ್ಲ. ಮಗಳ ಹೆಸರಿಗೆ ಏನಾದರೂ ಆದರೆ ಮೂರು ಮಂದಿಗೆ ಒಟ್ಟಿಗೇ ಆಗುತ್ತದೆ.

ನಿಲ್ದಾಣದ ನೆಲ ಒರೆಸಲು ಬಂದವರು ಸಿನಾನ್. ಆಮೇಲೆ ಚೀಲ ಹೊತ್ತರು, ಆಮೇಲೆ ಯಂತ್ರದ ಪಕ್ಕ ನಿಂತರು. ಚಳಿಗಾಲದಲ್ಲಿ ಹತ್ತು ವಿಮಾನದಲ್ಲಿ ಆರು ರದ್ದು. ಬೈಗುಳ ಮಾತ್ರ ಒಂದು ದಿನವೂ ರದ್ದಾಗುವುದಿಲ್ಲ. ಒಮ್ಮೆ ವರನೊಬ್ಬ ಮದುವೆಯ ಕೋಟಿನಲ್ಲೇ ಬಂದು ಮೇಜು ಕುಟ್ಟಿದ್ದನಂತೆ. ಸಿನಾನ್ ಅವನದೇ ದನಿಯಲ್ಲಿ ಅಣಕಿಸುತ್ತಾರೆ: "'ಗಾಳಿ ನಿಲ್ಸ್ರೀ ಅಕ್ಕಾ!' ಅಂದ. 'ಹೆಂಡ್ತಿ ಎದುರು ಹೀಗೇ ಕೂಗು, ಅಲ್ಲಿ ಏನಾದ್ರೂ ನಿಲ್ಲುತ್ತಾ ನೋಡೋಣ' ಅಂದೆ."

ಯಂತ್ರ ಹತ್ತಿದವರಿಗೆಲ್ಲ ಒಂದೊಂದು ಪ್ರಶ್ನೆ ಹುಟ್ಟುತ್ತದೆ. ಮೊದಲು ಸಿನಾನರಿಗೆ ಉತ್ತರ ಗೊತ್ತಿರಲಿಲ್ಲ. ಪ್ರಶ್ನೆಗಳನ್ನು ಮನೆಗೆ ಹೊತ್ತೊಯ್ದು ಅನ್ನದ ಜೊತೆ ಮಗಳಿಗೆ ಬಡಿಸುತ್ತಿದ್ದರು. ಮನೊಯೊ ಪುಸ್ತಕ ಹುಡುಕಿ ಉತ್ತರ ಬರೆದುಕೊಡುತ್ತಿದ್ದಳು. ಹಾಗೆ ಬೆಳೆದದ್ದು ಅವಳ ವಿಮಾನದ ಹುಚ್ಚು. ಈಗ ಸಿನಾನ್ ಚೀಟಿ ಬರೆಯುತ್ತಲೇ ಉತ್ತರಿಸುತ್ತಾರೆ.

"ಅಕ್ಕ, ಒಂದು ಎಂಜಿನ್ ನಿಂತುಹೋದ್ರೆ?"

"ಇನ್ನೊಂದಿದೆ. ಒಂದರಲ್ಲೇ ಇಳಿಸೋದು ಕಲಿತವರ ಕೈಗೇ ವಿಮಾನ ಕೊಡೋದು. ಮುಂದೆ ಬನ್ನಿ."

"ಅಷ್ಟೊಂದು ಅಲುಗಾಡುತ್ತಲ್ಲ?"

"ನಿಮ್ಮ ಅಪ್ಪನ ದೋಣಿ ಅಲೆ ಮೇಲೆ ಸುಮ್ಮನೆ ಕೂರುತ್ತಾ? ಗಾಳಿಗೂ ಅಲೆ ಇರ್ತವೆ. ಪಟ್ಟಿ ಕಟ್ಕೊಳಿ."

"ಕನ್ನಡಕ ಹಾಕೋರು ಪೈಲಟ್ ಆಗಬಹುದಾ?"

ಕೇಳಿದವನು ಮನೊಯೊಳನ್ನು ನೋಡಿಯೇ ಕೇಳಿದ್ದು. ಸಿನಾನರ ಪೆನ್ನು ಅರೆಗಳಿಗೆ ನಿಲ್ಲುತ್ತದೆ. "ಕನ್ನಡಕ ಹಾಕ್ಕೊಂಡು ಸರಿಯಾಗಿ ಕಾಣ್ಬೇಕು, ಅಷ್ಟೆ. ಎಷ್ಟು ಸರಿಯಾಗಿ ಅಂತ ಇವತ್ತು ಎರಡು ಗಂಟೆಗೆ ಹೇಳ್ತಾರೆ."

ಮಗಳು ಯಂತ್ರ ಹತ್ತುತ್ತಾಳೆ. ಅಂಕಿ ಬರೆಯುತ್ತಾರೆ, ಹೆಸರು ಕೇಳುತ್ತಾರೆ. "ಅಮ್ಮಾ, ನನ್ ಹೆಸರು ಗೊತ್ತಿಲ್ವಾ?" "ಎಲ್ರನ್ನೂ ಕೇಳ್ತೀನಿ. ಹೇಳು." ಒಟ್ಟು ಸಾವಿರದ ಇನ್ನೂರ ಮೂವತ್ತಾರು ಕಿಲೋ. ಇಂದಿನ ಮಿತಿ ಸಾವಿರದ ಇನ್ನೂರ ನಲವತ್ತು. ನಾಲ್ಕು ಕಿಲೋ ಉಸಿರಾಡಲು ಜಾಗ.

ಏಳೂ ಮುಕ್ಕಾಲಿಗೆ ವಿಮಾನ ಓರೆಯಾಗಿ ತೇಲುತ್ತ ಬಂದು ಇಳಿಯುತ್ತದೆ. ಕ್ಯಾಪ್ಟನ್ ತ್ಸಾಯ್ ಕಿಟಕಿಯಿಂದಲೇ ಕೂಗುತ್ತಾನೆ: "ಸಿನಾನಕ್ಕಾ, ಬೇಗ! ಗಾಳಿ ಪಕ್ಕಕ್ಕೆ ತಿರುಗ್ತಾ ಇದೆ. ಎಂಟು ಹತ್ತು ದಾಟಿದ್ರೆ ನಾನು ಏರಲ್ಲ. ಇವತ್ತು ಇಲ್ಲೇ ನಿಮ್ಮನೇಲಿ ಊಟ!"

ಪ್ರಯಾಣಿಕರು ಕಾಯುವ ಕೋಣೆಯಿಂದ ಸಾಲಾಗಿ ವಿಮಾನದತ್ತ ನಡೆಯುತ್ತಾರೆ. ಸಿನಾನ್ ಬಾಗಿಲಲ್ಲಿ ನಿಂತು ನೋಡುತ್ತಿದ್ದಾರೆ. ಗಾಳಿ ಅವರ ತಲೆಯ ಬಟ್ಟೆಯನ್ನು ಕಿತ್ತುಕೊಳ್ಳುತ್ತಿದೆ, ಧ್ವಜದ ಹಗ್ಗ ಕಂಬಕ್ಕೆ ಪಟಪಟ ಬಡಿಯುತ್ತಿದೆ. ಇದ್ದಕ್ಕಿದ್ದಂತೆ ಅವರ ಮುಖದಿಂದ ನಗು ಇಳಿಯುತ್ತದೆ.

"ಇಷ್ಟು ಗಾಳಿಗೆ ಒಬ್ರ ಕೋಟೂ ಹಾರ್ತಿಲ್ಲ."

ಅಷ್ಟು ಹೇಳಿದವರೇ ಎರಡೂ ಕೈ ಎತ್ತಿ ವಿಮಾನದ ಮುಂದೆ ಓಡುತ್ತಾರೆ. "ನಿಲ್ಲಿ! ಎಲ್ರೂ ಕೆಳಗೆ!"

ತ್ಸಾಯ್ ಗಡಿಯಾರ ತೋರಿಸಿ ಕಿರುಚುತ್ತಾನೆ. ಏಳು ಐವತ್ತೆರಡು. ಸಿನಾನ್ ಅವನತ್ತ ತಿರುಗಿಯೂ ನೋಡುವುದಿಲ್ಲ. ಮೆಟ್ಟಿಲ ಮೇಲಿದ್ದ ಮೀನುಗಾರನೊಬ್ಬನ ಕೋಟಿನ ಜೇಬಿಗೆ ಕೈ ಹಾಕುತ್ತಾರೆ. ಕೆಸುವಿನ ಗೆಡ್ಡೆ. ಇನ್ನೊಂದು ಜೇಬಿನಲ್ಲೂ ಗೆಡ್ಡೆ. ಅವನ ಹಿಂದೆ ನಿಂತಿದ್ದ ಶಿಕ್ಷಕಿಯ ಒಳಜೇಬಿನಲ್ಲಿ ಎರಡು ಗೆಡ್ಡೆ, ತೋಳಿನೊಳಗೆ ಒಣಗಿಸಿದ ಹಾರುಮೀನು.

"ಯಾರ ಕೆಲಸ ಇದು?"

ಹದಿನೈದು ಜೊತೆ ಕಣ್ಣುಗಳು ಒಂದೇ ಕಡೆ ಹೋಗುತ್ತವೆ, ಬೇಲಿಯ ಆಚೆ ಖಾಲಿ ಬುಟ್ಟಿ ಹಿಡಿದು ನಿಂತಿರುವ ಅಜ್ಜಿಯ ಕಡೆಗೆ.

"ಮಗು ಬರಿಗೈಲಿ ಪರಊರಿಗೆ ಹೋಗ್ಬೇಕಾ?" ಸ್ಯಾಪೆನ್ ಮನೊಯೊ ಬೇಲಿ ಹಿಡಿದು ಜಗಳಕ್ಕೇ ನಿಲ್ಲುತ್ತಾರೆ. "ಅವಳ ಚೀಲಕ್ಕೆ ಹಾಕಿದ್ರೆ ನೀನು ತೂಗ್ತೀಯ. ಅದಕ್ಕೆ ತೂಗಿ ಮುಗಿದವರಿಗೆ ಒಬ್ಬೊಬ್ರಿಗೆ ಸ್ವಲ್ಪ ಸ್ವಲ್ಪ ಕೊಟ್ಟೆ. ಎರಡು ಗೆಡ್ಡೆಗೆ ವಿಮಾನ ಮುಳುಗುತ್ತಾ?"

"ಎರಡಲ್ಲ ಅತ್ತೆ, ಹದಿನೈದು ಜನ! ನಿಮ್ಮ ಮೊಮ್ಮಗಳು ಅದರಲ್ಲೇ ಹೋಗ್ತಿರೋದು!"

ಹಂಚಿಕೊಂಡು ಹೊರುವುದು ಇಲ್ಲಿನವರ ರಕ್ತದಲ್ಲಿದೆ. ಹತ್ತು ಮಂದಿ ಸೇರಿ ದೋಣಿ ಎತ್ತುವವರು ಅವರು. ಭುಜ ಹೆಚ್ಚಿದಷ್ಟೂ ಭಾರ ಇಳಿಯುತ್ತದೆ ಎಂಬುದು ಅವರ ಅನುಭವ. ಆದರೆ ವಿಮಾನಕ್ಕೆ ಎಷ್ಟು ಭುಜವಿದ್ದರೂ ಗೆಡ್ಡೆ ಗೆಡ್ಡೆಯೇ. ಓಡುದಾರಿಯ ಪಕ್ಕ ಗುಡ್ಡೆ ಬೀಳುತ್ತದೆ. ಆಮೇಲೆ ತೂಗಿದಾಗ ಮೂವತ್ತೆಂಟು ಕಿಲೋ.

"ಎಲ್ಲ ತೆಗೆದಾಯ್ತಲ್ಲ, ಹತ್ತಿಸಿ!" ತ್ಸಾಯ್ ಕೂಗುತ್ತಾನೆ.

"ಎಲ್ಲ ತೆಗೆದಾಯ್ತು ಅಂತ ಯಾರು ಹೇಳಿದ್ದು? ಇವರಾ? ಮತ್ತೆ ತೂಗ್ಬೇಕು."

ಮನೊಯೊ ಗಡಿಯಾರ ನೋಡುತ್ತಾಳೆ, ಅಮ್ಮನನ್ನು ನೋಡುತ್ತಾಳೆ. ಬೇಡ ಎನ್ನುವುದಿಲ್ಲ. ತಾನೇ ಓಡಿ ಎಲ್ಲರನ್ನೂ ಸಾಲು ಮಾಡುತ್ತಾಳೆ. ಮೇಲೆ ಹತ್ತು, ಕೆಳಗಿಳಿ, ಮುಂದಿನವರು. ಅವಸರದಲ್ಲೂ ಸಿನಾನ್ ಬರೆದ ಅಂಕಿಗಳು ನೆಟ್ಟಗಿವೆ. ಎಂಟು ಮೂರಕ್ಕೆ ಒಟ್ಟು ಸಿಗುತ್ತದೆ. ಸಾವಿರದ ಇನ್ನೂರ ಮೂವತ್ತಾರು, ಮೊದಲಿನಷ್ಟೇ.

ಆಗ ತ್ಸಾಯ್ ತಾನೇ ಇಳಿದು ಬರುತ್ತಾನೆ. ಕಿರುಚಾಟ ನಿಂತಿದೆ, ಅದೇ ಹೆದರಿಕೆ ಹುಟ್ಟಿಸುತ್ತದೆ. "ಅಕ್ಕ, ಎದುರುಗಾಳಿ ಕಮ್ಮಿಯಾಯ್ತು. ಈ ಗಿಡ್ಡ ದಾರೀಲಿ ಅಷ್ಟು ಭಾರ ಏಳಲ್ಲ. ಮಿತಿ ಸಾವಿರದ ಇನ್ನೂರ ಮೂವತ್ತು."

ಆರು ಕಿಲೋ ಜಾಸ್ತಿ.

"ನಾನು ಇಳೀತೀನಿ," ಶಿಕ್ಷಕಿ ಅನ್ನುತ್ತಾರೆ. ಅವರ ತಂಗಿಗೆ, ಈ ವಿಮಾನ ಹೋಗಿ ಇಳಿಯುವ ತೈತುಂಗ್ ಊರಿನ ಆಸ್ಪತ್ರೆಯಲ್ಲಿ ಇಂದು ಹೆರಿಗೆ ಎಂದು ಎಲ್ಲರಿಗೂ ಗೊತ್ತು. "ನಾನೇ ಇಳೀತೀನಿ," ಎಂದು ಮೀನುಗಾರ. ಅವನ ಕಿವಿಗೆ ಪಟ್ಟಿ ಕಟ್ಟಿದೆ, ವೈದ್ಯರು ಕಾಯುತ್ತಿದ್ದಾರೆ. ಸಿನಾನ್ ಚೀಟಿಯ ಮೇಲಿಂದ ಕೆಳಕ್ಕೆ ಬೆರಳೋಡಿಸುತ್ತಾರೆ. ಬೆರಳು ಕೊನೆಯ ಸಾಲಿನಲ್ಲಿ ನಿಲ್ಲುತ್ತದೆ. ಮಗಳ ಚೀಲ, ಒಂಬತ್ತು ಕಿಲೋ.

"ಇದ್ರಲ್ಲಿ ಏನಿದೆ?"

"ಪುಸ್ತಕ ಅಮ್ಮಾ. ಪ್ರಶ್ನೋತ್ತರದ ನೋಟ್‌ಬುಕ್‌ಗಳು. ತೈಪೆ ತನಕ ಓದ್ಕೊಂಡು..."

"ಕಣ್ಣು ಪರೀಕ್ಷೆಗೆ ಏನ್ ಓದ್ತೀಯ?"

ಮನೊಯೊ ಚೀಲವನ್ನು ಎದೆಗವಚಿಕೊಳ್ಳುತ್ತಾಳೆ. ಹನ್ನೊಂದು ವರ್ಷದಿಂದ ಬರೆದದ್ದು ಅದರಲ್ಲಿದೆ. ಅಮ್ಮ ತಂದ ಪ್ರಶ್ನೆ, ಮಗಳ ಉತ್ತರ.

"ತಲೇಲಿ ಇರೋದಕ್ಕೆ ತೂಕ ಇಲ್ಲ. ತೆಗಿ."

ನೋಟ್‌ಬುಕ್‌ಗಳು ಯಂತ್ರಕ್ಕೆ ಏರುತ್ತವೆ. ಆರು ಕಿಲೋ ಆರುನೂರು ಗ್ರಾಂ. ಸಿನಾನ್ ಚೀಟಿಯಲ್ಲಿ ಹೊಡೆದುಹಾಕಿ, ಮತ್ತೆ ಕೂಡಿಸುತ್ತಾರೆ. ಆಮೇಲೆ ಗುಡ್ಡೆಯ ಬಳಿ ಹೋಗಿ ಎಲ್ಲಕ್ಕಿಂತ ಚಿಕ್ಕ ಗೆಡ್ಡೆಯೊಂದನ್ನು ಆರಿಸಿ, ಯಂತ್ರದ ಮೇಲಿಟ್ಟು, ಅರ್ಧ ಕಿಲೋ ಎಂದು ಬರೆದು, ಮಗಳ ಕೋಟಿನ ಜೇಬಿಗೆ ತುರುಕುತ್ತಾರೆ. ಒಟ್ಟು, ಮಿತಿಗಿಂತ ನೂರು ಗ್ರಾಂ ಕಡಿಮೆ.

"ಅಜ್ಜಿದು," ಎನ್ನುತ್ತಾರೆ. "ಹೋಗು. ಓಡು."

ಎಂಟು ಎಂಟಕ್ಕೆ ಬಾಗಿಲು ಮುಚ್ಚುತ್ತದೆ. ವಿಮಾನ ಓಡುತ್ತದೆ, ಇನ್ನೂ ಓಡುತ್ತದೆ, ಓಡುದಾರಿ ಮುಗಿಯುತ್ತ ಬರುತ್ತದೆ. ಅಜ್ಜಿ ಬೇಲಿಗೆ ಹಣೆ ಒತ್ತಿ ಕಣ್ಣು ಮುಚ್ಚಿದ್ದಾರೆ. ಸಿನಾನ್ ಕಣ್ಣು ಮಿಟುಕಿಸುವುದಿಲ್ಲ. ಕೊನೆಯ ಬಿಳಿ ಗೆರೆಗೆ ಇನ್ನೂ ಒಂದು ದೋಣಿಯ ಉದ್ದ ಇರುವಾಗ ಚಕ್ರಗಳು ನೆಲ ಬಿಡುತ್ತವೆ.

"ಹೋದ್ಲಾ?" ಅಜ್ಜಿ ಕಣ್ಣು ಮುಚ್ಚಿಯೇ ಕೇಳುತ್ತಾರೆ.

"ಹೋದ್ಲು."

"ಗೆಡ್ಡೆ?"

"ಹೋಯ್ತು ಅತ್ತೆ."

ಆ ರಾಶಿಯ ಗೆಡ್ಡೆಯನ್ನು ಇಡೀ ನಿಲ್ದಾಣ ನಾಲ್ಕು ದಿನ ಬೇಯಿಸಿ ತಿಂದಿದೆ. ಅಜ್ಜಿ ಒಂದು ವಾರ ಸೊಸೆಯೊಡನೆ ಮಾತು ಬಿಟ್ಟು, ಎಂಟನೆಯ ದಿನ ತಾವೇ ಬಂದು ಯಂತ್ರ ಹತ್ತಿ ನಿಂತಿದ್ದಾರೆ: "ನೋಡು, ನನ್ ಜೇಬಲ್ಲಿ ಏನೂ ಇಲ್ಲ." ಮೂರು ವಾರದ ಮೇಲೆ ತೈಪೆಯಿಂದ ಕಾಗದ ಬಂದಿದೆ. ಕಿವಿ ಸರಿ, ಹೃದಯ ಸರಿ, ಕನ್ನಡಕದೊಡನೆ ಕಣ್ಣೂ ಸರಿ. ಮನೊಯೊ ತರಬೇತಿಗೆ ಸೇರಿದ್ದಾಳೆ.

ಸಿನಾನ್ ಆ ಕಾಗದವನ್ನು ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದ್ದಾರೆ. ಸಂತೋಷವಾಯಿತೇ ಎಂದರೆ ಬೆರಳಿಟ್ಟು ತೋರಿಸುವುದು ಬೇರೆಯೇ ಸಾಲನ್ನು. "ತೂಕ ಐವತ್ತಮೂರು ಅಂತ ಬರ್ದಿದ್ದಾರೆ. ನನ್ನ ಚೀಟೀಲಿ ಐವತ್ತನಾಲ್ಕೂವರೆ. ಕೋಟು ಒಂದು ಕಿಲೋ, ಗೆಡ್ಡೆ ಅರ್ಧ. ಸರಿಹೋಯ್ತು ನೋಡಿ. ತೈಪೆಯವರ ಯಂತ್ರ ಪರವಾಗಿಲ್ಲ."

ಇನ್ನೇನು ಆಸೆ ಎಂದರೆ ಅವರು ಮೊದಲು ಕಲ್ಲನ್ನು ಮೂಲೆಗೆ ಎತ್ತಿಡುತ್ತಾರೆ. ಹೊರಗೆ ಮೊದಲ ವಿಮಾನದ ಸದ್ದು ಕೇಳಿಸುತ್ತಿದೆ.

"ಒಂದಿನ ಅವಳೇ ಇದನ್ನ ಓಡಿಸ್ಕೊಂಡು ಇಲ್ಲಿಗೆ ಬರ್ಬೇಕು. ಆಗ್ಲೂ ತೂಗ್ತೀನಿ, ಟೋಪಿ ಸಮೇತ. ಹೆಸರೂ ಕೇಳ್ತೀನಿ."