ಅವ್ವನ ಬೆರಳು, ನನ್ನ ಅರ್ಜಿ

ವರ್ಷಕ್ಕೊಮ್ಮೆ ನನ್ನ ಮೊಬೈಲಿಗೆ ಒಂದು ಪ್ರಕಟಣೆ ಬಂದು ಬೀಳುತ್ತದೆ. ವೈದ್ಯಕೀಯ ಸಂಶೋಧನೆ ಮಾಡಬಯಸುವ ಯುವ ವೈದ್ಯರಿಂದ ಅರ್ಜಿ ಕರೆಯಲಾಗಿದೆ. ಆಯ್ಕೆಯಾದವರಿಗೆ ಮೂರು ವರ್ಷದ ಫೆಲೋಶಿಪ್, ಸಂಶೋಧನೆಯ ಖರ್ಚು, ಅನುಭವಿಯೊಬ್ಬರ ಮಾರ್ಗದರ್ಶನ, ಕಾಲೇಜಿನ ಕೆಲಸದಿಂದ ಮುಕ್ಕಾಲು ಪಾಲು ಬಿಡುವು. ನಾನು ಅದನ್ನು ಓದುವುದು ಕೆಳಗಿನಿಂದ ಮೇಲಕ್ಕೆ, ಯಾಕೆಂದರೆ ವಯೋಮಿತಿ ಕೊನೆಯಲ್ಲಿರುತ್ತದೆ. ನಲವತ್ತು, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ. ನನಗೀಗ ನಲವತ್ನಾಲ್ಕು. ‘ಯುವ’ ಅನ್ನುವುದನ್ನು ಓದಿದರೆ ನನ್ನ ಮೊಣಕಾಲುಗಳಿಗೇ ನಗು ಬರಬೇಕು. ಆದರೂ ಲೆಕ್ಕದ ಪ್ರಕಾರ ಇನ್ನೊಂದು ಸಲ ಅರ್ಜಿ ಹಾಕಬಹುದು. ಒಂದೇ ಸಲ.

ಆ ಮೂರು ವರ್ಷ ನನಗೆ ಬೇಕು. ಎಷ್ಟು ಬೇಕು ಅಂದರೆ, ಬೇರೆಯವರಿಗೆ ಅದು ಸಿಕ್ಕ ಸುದ್ದಿ ಓದಿದ ದಿನ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡುವುದಿಲ್ಲ. ಹೊಟ್ಟೆಕಿಚ್ಚು ಅನ್ನಿ, ನನಗೇನೂ ಬೇಜಾರಿಲ್ಲ.

ನಾನು ಒಂದು ಮೆಡಿಕಲ್ ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ಊರಿನವರ ಭಾಷೆಯಲ್ಲಿ ಹೇಳಬೇಕೆಂದರೆ ನಾನು ಸೂಜಿ ಮಾಡಲಾರದ ಡಾಕ್ಟರು. ಬೆಳಿಗ್ಗೆ ಪಾಠ, ಆಮೇಲೆ ಹಾಜರಿ, ಆಮೇಲೆ ಯಾವುದೋ ಸಮಿತಿಯ ಸಭೆ, ಆ ಸಭೆಯಲ್ಲಿ ಏನಾಯಿತೆಂದು ಬರೆಯಲು ಇನ್ನೊಂದು ಸಭೆ. ತಪಾಸಣೆಗೆ ಯಾರಾದರೂ ಬರುತ್ತಾರೆಂದರೆ ಹದಿನೈದು ದಿನ ಫೈಲುಗಳಿಗೆ ರಟ್ಟು ಹಚ್ಚುವುದೇ ಕೆಲಸ. ಸಂಶೋಧನೆಯನ್ನು ರವಿವಾರ ಮಾಡಿಕೊಳ್ಳಿ ಅನ್ನುತ್ತಾರೆ, ಸೀರೆಗೆ ಇಸ್ತ್ರಿ ಮಾಡಿಕೊಳ್ಳಿ ಅಂದಂತೆ.

ಆದರೆ ನನಗೊಂದು ಪ್ರಶ್ನೆ ಇತ್ತು. ಅದು ಕಾಲೇಜಿನಲ್ಲಿ ಹುಟ್ಟಿದ್ದಲ್ಲ, ನಮ್ಮ ಅಡುಗೆಮನೆಯಲ್ಲಿ ಹುಟ್ಟಿದ್ದು.

ನಮ್ಮ ಊರು ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನ ಆಚೆ. ನಮ್ಮ ಕಡೆ ಬೀಜದ ಕಂಪನಿಗಳಿಗಾಗಿ ಹತ್ತಿ ಬೆಳೆಯುತ್ತಾರೆ. ಆ ಬೀಜ ತನ್ನಷ್ಟಕ್ಕೆ ಆಗುವುದಿಲ್ಲ. ಮಧ್ಯಾಹ್ನ ಹೆಂಗಸರು ಸಾಲಿನಲ್ಲಿ ನಿಂತು ಹೆಣ್ಣು ಗಿಡದ ಮೊಗ್ಗನ್ನು ಉಗುರಿನಿಂದ ಚೂಟಿ, ಒಳಗಿನ ಕೇಸರ ತೆಗೆದು, ಗುರುತಿಗೆ ಕೆಂಪು ಕಾಗದ ಸಿಕ್ಕಿಸಬೇಕು. ಮರುದಿನ ಬೆಳಿಗ್ಗೆ ಗಂಡು ಹೂವಿನ ಪುಡಿಯನ್ನು ಅದಕ್ಕೆ ಒರೆಸಬೇಕು. ಇದಕ್ಕೆ ‘ಕ್ರಾಸಿಂಗ್’ ಅಂತ ಹೆಸರು. ನಮ್ಮ ಅಜ್ಜಿಗೂ ಬರುತ್ತಿದ್ದ ಒಂದೇ ಇಂಗ್ಲಿಷ್ ಪದ. ಗಿಡಕ್ಕೆ ಕೀಟನಾಶಕ ಹೊಡೆಯುತ್ತಾರೆ, ಅದಕ್ಕೆ ನಮ್ಮಲ್ಲಿ ‘ಎಣ್ಣೆ’ ಅನ್ನುತ್ತಾರೆ. ಎಣ್ಣೆ ಹೊಡೆದ ಮರುದಿನವೂ ಮೊಗ್ಗು ಚೂಟಲೇಬೇಕು, ಮೊಗ್ಗು ಯಾರಿಗಾಗಿಯೂ ಕಾಯುವುದಿಲ್ಲ. ನನ್ನ ಅವ್ವ ನಲವತ್ತು ವರ್ಷದಿಂದ ಈ ಕೆಲಸ ಮಾಡುತ್ತಾಳೆ.

ನಾನು ಸಣ್ಣವಳಿದ್ದಾಗ ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಲ್ಲಿ ತಿರುವಿ ಹಾಕುತ್ತಿದ್ದಳು. ಎಲ್ಲರ ಅವ್ವಂದಿರೂ ಹಾಗೆ ಮಾಡುತ್ತಾರೆ, ಆದರೆ ನನ್ನ ಅವ್ವ ಒಲೆಯಿಂದ ಸಿಡಿದ ಕೆಂಡವನ್ನೂ ಬೆರಳಲ್ಲಿ ಹಿಡಿದು ಒಳಗೆ ಹಾಕುತ್ತಿದ್ದಳು. ನಮ್ಮವ್ವನ ಕೈ ಸುಡೂದಿಲ್ಲ ಅಂತ ನಾನು ಓಣಿಯ ತುಂಬ ಹೇಳಿಕೊಂಡು ತಿರುಗಿದ್ದೆ. ಎಂಥ ಹೆಮ್ಮೆ ನನಗೆ! ಮೆಡಿಕಲ್ ಓದುವಾಗ, ಬೆರಳಿನ ನರಗಳ ಬಗ್ಗೆ ಪಾಠ ನಡೆಯುತ್ತಿದ್ದ ಒಂದು ಮಧ್ಯಾಹ್ನ, ಆ ಹೆಮ್ಮೆ ನೆನಪಾಗಿ ನಾನು ಬರೆಯುವುದನ್ನು ನಿಲ್ಲಿಸಿದೆ. ಸುಡದೆ ಇರುವುದು ಅಂದರೆ ಗೊತ್ತಾಗದೆ ಇರುವುದು. ಅದು ಅವ್ವನೊಬ್ಬಳದೋ, ಮೊಗ್ಗು ಚೂಟುವ ಎಲ್ಲರದೋ? ಇದೇ ನನ್ನ ಪ್ರಶ್ನೆ.

ಮೊದಲ ಸಲ ಅರ್ಜಿ ಹಾಕಿದಾಗ ನನಗೆ ಮೂವತ್ತೆಂಟು. ಹಿರೇಕೆರೂರಿನ ಕ್ರಾಸಿಂಗ್ ಹೆಂಗಸರು ಒಂದು ಕಡೆ. ಹಾನಗಲ್ಲಿನ ಗದ್ದೆಗಳಲ್ಲಿ ಭತ್ತ ಹಚ್ಚುವವರು, ಶಿಗ್ಗಾಂವಿಯ ಗೋವಿನಜೋಳದವರು, ಸವಣೂರಿನ ವೀಳ್ಯದೆಲೆ ತೋಟದವರು ಇನ್ನೊಂದು ಕಡೆ. ನಾಲ್ಕೂ ತಾಲೂಕಿನ ಬೆರಳುಗಳನ್ನು ಹೋಲಿಸಿ ನೋಡಬೇಕು. ಅರ್ಜಿಯ ಜೊತೆ, ಇಲ್ಲಿ ಹುಡುಕಲು ಏನೋ ಇದೆ ಅನ್ನುವುದಕ್ಕೆ ಚೂರು ಪುರಾವೆ ಕೊಡಬೇಕಿತ್ತು. ಹಾಗಾಗಿ ರಜೆ ಹಾಕಿ ಊರಿಗೆ ಹೋದೆ.

ಹೊಲದ ಬದುವಿನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿಕೊಂಡು ಎಲ್ಲರೂ ಕುಂತಿದ್ದರು. ನಾನು ಬಿಳಿ ಕೋಟು ಹಾಕಿಕೊಂಡಿದ್ದೆ, ಕೈಯಲ್ಲಿ ನೋಟ್‌ಬುಕ್. ಹುಟ್ಟಿದಾಗಿನಿಂದ ನನ್ನನ್ನು ಎತ್ತಿ ಆಡಿಸಿದವರಿಗೆ ‘ರಿ’ ಹಚ್ಚಿ ಮಾತಾಡಿದೆ. ಬೆರಳಿನ ಸ್ಪರ್ಶ ಪರೀಕ್ಷಿಸಲು ನಾನು ತಂದಿದ್ದು ಮೀನಿನ ಗಾಳದ ದಾರದಂಥ ನೈಲಾನ್ ಎಳೆಗಳು, ಸಣ್ಣದರಿಂದ ದಪ್ಪದವರೆಗೆ. ಕಣ್ಣು ಮುಚ್ಚಿಕೊಂಡವರ ಬೆರಳ ತುದಿಗೆ ಎಳೆ ತಾಗಿಸಿ, ಅದು ಬಾಗುವವರೆಗೆ ಒತ್ತಬೇಕು. ಮುಟ್ಟಿದ್ದು ಗೊತ್ತಾದರೆ ಅವರು ಹೇಳಬೇಕು. ಸ್ವಂತ ತಾಯಿಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಆದರೆ ಉಳಿದವರ ಅಂಜಿಕೆ ಹೋಗಲಿ ಎಂದು ಅವ್ವನನ್ನೇ ಮೊದಲು ಕೂರಿಸಿದೆ.

“ಮುಟ್ಟಿತೇನ್ರಿ?”

“ಹೂಂ, ಮುಟ್ತು,” ಅಂದಳು ಅವ್ವ, ಥಟ್ಟನೆ.

ಹತ್ತು ಸಲಕ್ಕೆ ಹತ್ತು ಸಲವೂ ಮುಟ್ಟಿತು. ಆಮೇಲೆ ಕುಂತವರಿಗೂ ಹಾಗೆಯೇ. ಎಲ್ಲೋ ಒಬ್ಬಿಬ್ಬರು ಒಂದೆರಡು ಸಲ ತಡವರಿಸಿದ್ದು ಬಿಟ್ಟರೆ ಎಲ್ಲರ ಬೆರಳೂ ಹಸುಗೂಸಿನ ಬೆರಳಿನಂತೆ. ನನಗೆ ನಿರಾಸೆಯಾಯಿತು. ಜನರ ಕೈ ಚೆನ್ನಾಗಿದೆ ಎಂದು ಗೊತ್ತಾದಾಗ ನಿರಾಸೆಪಟ್ಟ ಡಾಕ್ಟರು ನಾನು. ನೆನೆಸಿದರೆ ಈಗಲೂ ನಾಚಿಕೆಯಾಗುತ್ತದೆ. ನನಗೆ ಕಲಿಸಿದ ಮೇಡಂ ಫೋನಿನಲ್ಲಿ, “ಇದ್ದದ್ದನ್ನು ಇದ್ದಂತೆ ಬರೆ” ಅಂದರು. ಬರೆದೆ.

ಸಂದರ್ಶನಕ್ಕೆ ದೂರದ ದೊಡ್ಡ ನಗರಕ್ಕೆ ಹೋದೆ. ಉದ್ದ ಮೇಜಿನ ಆಚೆ ಐದು ಜನ. ಹಿರೇಕೆರೂರು ಎಲ್ಲಿದೆ ಎಂದು ಒಬ್ಬರು ಕೇಳಿದರು, ಹೇಳಿದೆ. ಇನ್ನೊಬ್ಬರು ನನ್ನ ಹಾಳೆ ತಿರುವಿ ಬಹಳ ಸೌಮ್ಯವಾಗಿ ಕೇಳಿದರು: “ಡಾಕ್ಟರ್, ನಿಮ್ಮದೇ ಅಂಕಿಗಳ ಪ್ರಕಾರ ಇಲ್ಲಿ ತೊಂದರೆಯೇ ಇಲ್ಲವಲ್ಲ. ಮೂರು ವರ್ಷ ಏನನ್ನು ಹುಡುಕುತ್ತೀರಿ?” ನಮ್ಮ ಅವ್ವನ ಕೈ ಸುಡುವುದಿಲ್ಲ ಸರ್ ಎಂದು ಹೇಳಬೇಕು ಅನ್ನಿಸಿತು. ಆ ಕೋಣೆಯಲ್ಲಿ ಅದು ಹೇಳುವ ಮಾತಲ್ಲ. ಧನ್ಯವಾದ ಹೇಳಿ ಎದ್ದು ಬಂದೆ. ತಿಂಗಳ ಮೇಲೆ ಎರಡು ಸಾಲಿನ ಪತ್ರ ಬಂತು.

ಅದಾದ ಮೇಲೆ ಮತ್ತೆ ಅರ್ಜಿ ಹಾಕಲಿಲ್ಲ. ಏನೆಂದು ಹಾಕಲಿ? ಆದರೆ ಆಸೆ ಹೋಗಲಿಲ್ಲ, ಅದೇ ಸಂಕಟ. ಊರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಶಿಗ್ಗಾಂವಿ ದಾಟುತ್ತಿದ್ದಂತೆಯೇ ನನ್ನ ಸಂಶೋಧನೆ ಶುರುವಾಗುತ್ತಿತ್ತು. ಈ ಹೊಲಕ್ಕೆ ಇಬ್ಬರು ಸಹಾಯಕರು ಸಾಕು. ಹಾನಗಲ್ಲಿನ ಈ ಗದ್ದೆಯವರನ್ನು ಮಳೆ ನಿಂತ ಮೇಲೆ ನೋಡಬೇಕು. ತಿಳವಳ್ಳಿಯಲ್ಲಿ ಬಸ್ಸು ನಿಂತಾಗ ಚಹಾ ಕುಡಿಯುತ್ತ, ಇಲ್ಲೇ ಒಂದು ಖೋಲಿ ಬಾಡಿಗೆ ಹಿಡಿದರೆ ಸುತ್ತಲಿನ ಹಳ್ಳಿಗಳಿಗೆಲ್ಲ ಅನುಕೂಲ ಎಂದು ಜಾಗ ಕೂಡ ನೋಡಿಟ್ಟುಕೊಂಡಿದ್ದೆ. ಹಳದಿ ಬಾಗಿಲಿನ ಖೋಲಿ. ಅದಕ್ಕೆ ಬೇರೆ ಯಾರಾದರೂ ಬೀಗ ಹಾಕಿಕೊಂಡು ಹೋಗುವುದನ್ನು ಕಂಡರೆ ನನ್ನದನ್ನು ಕಸಿದುಕೊಂಡಂತೆ ಸಿಟ್ಟು ಬರುತ್ತಿತ್ತು. ನೈಲಾನ್ ಎಳೆಗಳ ಡಬ್ಬಿ ನನ್ನ ಬ್ಯಾಗಿನಲ್ಲೇ ಉಳಿಯಿತು, ಬಾಚಣಿಗೆಯ ಪಕ್ಕ.

ಈ ವರ್ಷ ಪ್ರಕಟಣೆ ಬಂದಾಗ ದಸರಾ ರಜೆಗೆ ಊರಿಗೆ ಹೊರಟಿದ್ದೆ. ಕೊನೆಯ ದಿನಾಂಕಕ್ಕೆ ಹನ್ನೆರಡು ದಿನ ಇತ್ತು. ಮೊಬೈಲನ್ನು ಬ್ಯಾಗಿನಲ್ಲಿ ಹಾಕಿ ಜಿಪ್ ಎಳೆದೆ.

ಮರುದಿನ ಅವ್ವನ ಜೊತೆ ಹೊಲಕ್ಕೆ ಹೋದೆ, ಬ್ಯಾಗು ಹೆಗಲಲ್ಲೇ ಇತ್ತು. ಅಂದು ಕಂಪನಿಯ ಸಾಹೇಬರು ಚೆಕಿಂಗಿಗೆ ಬರುವ ದಿನ. ಚೂಟದೆ ಬಿಟ್ಟ ಹೂ ಸಿಕ್ಕರೆ ಬೀಜ ಬೆರಕೆಯಾಯಿತೆಂದು ಪ್ಲಾಟು ಫೇಲ್ ಮಾಡುತ್ತಾರೆ. ಆಮೇಲೆ ಆ ಗುಂಪನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಗುಂಪಿನ ಹಿರಿಯಳನ್ನು ನಾನು ದೊಡ್ಡವ್ವ ಅನ್ನುತ್ತೇನೆ, ರಕ್ತಸಂಬಂಧವೇನಿಲ್ಲ. ಸಾಹೇಬರು ಒಂದು ಸಾಲು ಮುಗಿಸಿ ತಿರುಗುವಷ್ಟರಲ್ಲಿ ದೊಡ್ಡವ್ವ ಒಂದು ಅರಳಿದ ಹೂ ಕಂಡಳು. ಕೈ ಚಾಚಿದ್ದೇ ಗೊತ್ತಾಗಲಿಲ್ಲ; ಹೂ ಅವಳ ಉಡಿಯಲ್ಲಿತ್ತು. ಪ್ಲಾಟು ಪಾಸಾಯಿತು.

ಸಾಹೇಬರ ಬೈಕು ಮರೆಯಾದ ಮೇಲೆ ಬೇವಿನ ಮರದ ಕೆಳಗೆ ಚಹಾ ಬಂತು. “ಭಾರೀ ಕಿಲಾಡಿ ಇದ್ದಿ ಬಿಡು ದೊಡ್ಡವ್ವಾ,” ಅಂದೆ.

“ಮತ್ತೇನ್ ಮಾಡೂದವಾ? ಬುಕ್ಕ ಹಿಡಕೊಂಡ ಬಂದವ್ರಿಗೆ ಐಬು ತೋರಸಬಾರದು. ನಿನ್ನ ಚೆಕಿಂಗ್‌ದಾಗ ತೋರಿಸಿದ್ವೇನು?”

“ನನ್ನ ಚೆಕಿಂಗಾ?”

“ಅದ, ಆ ದಾರದ್ದು! ಕೋಟ ಹಾಕ್ಕೊಂಡ ಬಂದಿದ್ದೆಲ್ಲಾ. ಮುಟ್ಟಿತೇನ್ರಿ ಅಂತ ನೀ ಕೇಳೂದು, ಹೂಂ ಅಂತ ನಾವು ಅನ್ನೂದು. ಗೊತ್ತಾಗಲಿಲ್ಲಂದ್ರ ಕಣ್ಣ ಸಣ್ಣಗ ತಗದು ನೋಡೂದು. ಒಬ್ಬಾಕಿನೂ ಫೇಲ್ ಆಗಲಿಲ್ಲ ನೋಡು!”

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಚಹಾದ ಲೋಟ ಕೆಳಗಿಟ್ಟೆ. ಆರು ವರ್ಷ! ಸಿಟ್ಟು ನೆತ್ತಿಗೇರಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ನಿಮಗೆ ಬುದ್ಧಿ ಇಲ್ಲೇನು, ನನ್ನ ಜೀವನಾನ ಹಾಳ ಮಾಡಿದ್ರಿ ಅಂತ. ದೊಡ್ಡವ್ವನ ಮುಖ ಸಣ್ಣದಾಯಿತು. ಬೈಯುತ್ತ ಬೈಯುತ್ತಲೇ ನನಗೆ ಗೊತ್ತಾಗುತ್ತಿತ್ತು, ಪ್ರತಿ ಸಲ ‘ಮುಟ್ಟಿತೇನ್ರಿ’ ಎಂದು ಕೇಳಿದವಳು ನಾನು. ಯಾವಾಗ ಹೂಂ ಅನ್ನಬೇಕೆಂದು ಹೇಳಿಕೊಟ್ಟವಳೂ ನಾನೇ. ಈ ಹೊಲದಲ್ಲೇ ಬೆಳೆದವಳು, ಬುಕ್ಕು ಹಿಡಿದವರ ಮುಂದೆ ಇವರು ಹೇಗಿರುತ್ತಾರೆಂದು ನನಗಲ್ಲದೆ ಆ ಮೇಜಿನ ಆಚೆ ಕುಂತವರಿಗೆ ಗೊತ್ತಿರಬೇಕಿತ್ತೇ?

ಅವ್ವ ಮಾತ್ರ ಸುಮ್ಮನೆ ಕೂರಲಿಲ್ಲ. “ಅವ್ರಿಗ್ಯಾಕ ಬೈತಿ? ಹಂಗ ಹೇಳ್ರಿ ಅಂತ ನಾನ ಹೇಳಿದ್ದೆ,” ಅಂದಳು. “ನೀನ ಅಂದಿದ್ದಿ, ಇದು ಬರೋಬ್ಬರಿ ಆದ್ರ ಮೂರು ವರ್ಷ ಇಲ್ಲೇ ಊರಾಗ ಓಡಾಡ್ಕೊಂಡ ಇರ್ತೇನಿ ಯವ್ವಾ ಅಂತ. ಮೂರು ವರ್ಷ ನೀ ಇರ್ತಿ ಅಂತ ನಾವು ಬರೋಬ್ಬರಿ ಮಾಡಿದ್ವಿ. ತಪ್ಪೇನಾತು?”

ನನಗೆ ಅಳು ಬಂತು. ಆ ಮೂರು ವರ್ಷದ ಆಸೆ ನನ್ನೊಬ್ಬಳದೇ ಅಂದುಕೊಂಡಿದ್ದೆ.

“ಐಬು ಸಿಕ್ಕಿದ್ರ ನಾ ಪಾಸಾಗ್ತಿದ್ದೆ, ಯವ್ವಾ,” ಅಂದೆ.

ಅವ್ವ ನನ್ನನ್ನೇ ನೋಡಿದಳು. ಆಮೇಲೆ ಸೀರೆಗೆ ಕೈ ಒರೆಸಿಕೊಂಡು, “ದಾರ ತಂದೀ ಏನು?” ಎಂದು ಕೇಳಿದಳು.

ಬ್ಯಾಗಿನಿಂದ ಡಬ್ಬಿ ತೆಗೆದೆ. ಅವ್ವ ಬೇವಿನ ಬುಡಕ್ಕೆ ಒರಗಿ, ಸೆರಗನ್ನು ಎರಡು ಮಡಿಕೆ ಮಾಡಿ ತಾನೇ ಕಣ್ಣಿಗೆ ಕಟ್ಟಿಕೊಂಡಳು. “ಈಗ ಕಾಣೂದಿಲ್ಲ. ಖರೇ ಹೇಳ್ತೇನಿ,” ಎಂದು ಎರಡೂ ಕೈ ತೊಡೆಯ ಮೇಲೆ ಚಾಚಿದಳು. ಉಗುರುಗಳ ಸುತ್ತ ಮೊಗ್ಗಿನ ಕಪ್ಪು ಕಲೆ. ಈ ಸಲ ನಾನು ಏನನ್ನೂ ಕೇಳಬಾರದೆಂದು ಬಾಯಿ ಬಿಗಿಹಿಡಿದೆ. ಸುತ್ತ ಕುಂತವರು ಹತ್ತಿರ ಸರಿದು ಬಂದರು.

ಸಣ್ಣ ಎಳೆಯಿಂದ ಶುರು ಮಾಡಿದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಇನ್ನೊಂದು ಕೈ. ಅವ್ವ ಶಾಲೆಯಲ್ಲಿ ತನ್ನ ಹೆಸರು ಕರೆಯುವುದನ್ನು ಕಾಯುವ ಹುಡುಗಿಯಂತೆ ಮುಖ ಮೇಲೆತ್ತಿ ಕುಂತಿದ್ದಳು. ಅದಕ್ಕಿಂತ ದಪ್ಪನೆಯದು ತೆಗೆದುಕೊಂಡೆ. ಅದಕ್ಕಿಂತ ದಪ್ಪನೆಯದು. ದೊಡ್ಡವ್ವ ನನ್ನ ಕೈಯನ್ನೂ ಅವ್ವನ ಮುಖವನ್ನೂ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆರು ವರ್ಷ ನಾನು ಬಯಸಿದ್ದು ಇದನ್ನೇ. ಡಬ್ಬಿಯಲ್ಲಿದ್ದ ಎಲ್ಲಕ್ಕಿಂತ ದಪ್ಪನೆಯ ಎಳೆ ಅವ್ವನ ಹೆಬ್ಬೆರಳ ಮೇಲೆ ಬಾಗಿ ನಿಂತಿತ್ತು.

“ಯಾಕವಾ,” ಅಂದಳು ಅವ್ವ, ನಗುತ್ತ, “ಇನ್ನೂ ಶುರು ಮಾಡವಲ್ಲಿ?”

“ಮಾಡ್ತೇನಿ, ಯವ್ವಾ,” ಅಂದೆ.